ಹೀಬ್ರೂ ಬೈಬಲ್, ಗ್ರೀಕ್ ಅನುವಾದ: ಇದನ್ನೇ ಓದಿ ಬದುಕೋಕೆ ಆಗುತ್ತಾ?

ಪ್ರಶ್ನೆ: ನಾನು ಶಿವಮೊಗ್ಗದವನು, ವಯಸ್ಸು 25. ಕನ್ನಡ ಎಂ.ಎ. ಮುಗಿಸಿದ್ದೇನೆ. ಹಳಗನ್ನಡ, ಗ್ರಂಥಸಂಪಾದನೆ ಇಷ್ಟದ ವಿಷಯಗಳು. ಸಂಸ್ಕೃತ ಸ್ವಲ್ಪ ಬರುತ್ತದೆ. ಹೀಬ್ರೂ ಬೈಬಲನ್ನು ಕ್ರಿಸ್ತಪೂರ್ವದಲ್ಲೇ ಗ್ರೀಕಿಗೆ ಅನುವಾದ ಮಾಡಿದ್ದರು, ಅದನ್ನು ಸೆಪ್ಟುಅಜಿಂಟ್ ಅನ್ನುತ್ತಾರೆ ಅಂತ ಇತ್ತೀಚೆಗೆ ಓದಿದೆ. ಆಗಿನಿಂದ ಅದೇ ಗುಂಗು. ಇದರಲ್ಲೇ ಪಿಎಚ್.ಡಿ. ಮಾಡಿ ಅಧ್ಯಾಪಕನಾಗಬಹುದೇ? ನಾನು ಕ್ರೈಸ್ತನಲ್ಲ, ಅದು ಅಡ್ಡಿಯಾಗುತ್ತದೆಯೇ? ಮನೆಯಲ್ಲಂತೂ "ಅದನ್ನು ಓದಿ ಏನು ಮಾಡ್ತೀಯ" ಅಂತಾರೆ.

ಉತ್ತರ: ಕಹಿ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಸೆಪ್ಟುಅಜಿಂಟ್ ಪ್ರಾಧ್ಯಾಪಕರು ಬೇಕಾಗಿದ್ದಾರೆ" ಅನ್ನುವ ಜಾಹೀರಾತು ಜಗತ್ತಿನಲ್ಲೆಲ್ಲ ಹುಡುಕಿದರೂ ಸಿಗುವುದು ಅಪರೂಪ. ಈ ಕ್ಷೇತ್ರದ ದೊಡ್ಡವರು ಸಂಬಳ ತೆಗೆದುಕೊಂಡದ್ದು ಬೇರೆ ಹೆಸರಿನ ಹುದ್ದೆಗಳಲ್ಲಿ. ತೋರಾ, ಅಂದರೆ ಬೈಬಲಿನ ಮೊದಲ ಐದು ಪುಸ್ತಕಗಳು, ಅದರ ಗ್ರೀಕ್ ಅನುವಾದವನ್ನು ಹಸ್ತಪ್ರತಿ ಹೋಲಿಸಿ ಸಂಪಾದಿಸಿಕೊಟ್ಟ ಜಾನ್ ವಿಲಿಯಂ ವೀವರ್ಸ್ ಇದ್ದದ್ದು ಟೊರಾಂಟೊ ವಿಶ್ವವಿದ್ಯಾಲಯದ ಪಶ್ಚಿಮ ಏಷ್ಯಾ ಅಧ್ಯಯನ ವಿಭಾಗದಲ್ಲಿ. ಇಮ್ಯಾನುಯೆಲ್ ಟೋವ್ ಇದ್ದದ್ದು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಬೈಬಲ್ ವಿಭಾಗದಲ್ಲಿ. ಮಿಕ್ಕವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಹಳೆಯ ಒಡಂಬಡಿಕೆ, ಸೆಮಿಟಿಕ್ ಭಾಷೆಗಳು (ಹೀಬ್ರೂ ಮತ್ತು ಅದರ ಬಳಗ), ಯೆಹೂದ್ಯ ಅಧ್ಯಯನ, ಹೀಗೆ ಏನೋ ಒಂದು ಬೋರ್ಡು. ಆದ್ದರಿಂದ ಸಂಶೋಧನೆ ಗ್ರೀಕಿನದ್ದಾದರೂ ಅನ್ನ ಕೊಡುವುದು ಹೀಬ್ರೂ. ಮೊದಲ ವರ್ಷದ ಮಕ್ಕಳಿಗೆ ಹೀಬ್ರೂ ವ್ಯಾಕರಣ ಕಲಿಸಲು ಬರುವವರಿಗೆ ಕೆಲಸ ಸಿಗುತ್ತದೆ. ಗ್ರೀಕ್ ಮಾತ್ರ ಬರುವವರಿಗೆ ಕಷ್ಟ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ಕ್ರಿ.ಪೂ. 3ನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಯೆಹೂದ್ಯರು ಬಹಳ ಮಂದಿ ಇದ್ದರು. ಅವರ ಮನೆಮಾತು ಗ್ರೀಕ್ ಆಗಿಹೋಗಿತ್ತು. ತೋರಾದ ಐದು ಪುಸ್ತಕಗಳು ಆಗ ಗ್ರೀಕಿಗೆ ಬಂದವು. ರಾಜ ಎರಡನೇ ಟಾಲೆಮಿ ಜೆರುಸಲೇಮಿನಿಂದ 72 ಹಿರಿಯರನ್ನು ಕರೆಸಿ, ದ್ವೀಪದಲ್ಲಿ ಕೂರಿಸಿ, 72 ದಿನಗಳಲ್ಲಿ ಅನುವಾದ ಮಾಡಿಸಿ ಮುಗಿಸಿದ ಅಂತ ಅರಿಸ್ಟಿಯಾಸನ ಪತ್ರ ಎಂಬ ಹಳೆಯ ಗ್ರೀಕ್ ಬರಹ ಹೇಳುತ್ತದೆ. ಸೆಪ್ಟುಅಜಿಂಟ್, ಅಂದರೆ ಎಪ್ಪತ್ತು, ಅನ್ನುವ ಹೆಸರು ಬಂದದ್ದು ಈ ಕಥೆಯಿಂದ. ಕಥೆ ಸೊಗಸಾಗಿದೆ, ಅಕ್ಷರಶಃ ನಂಬುವ ವಿದ್ವಾಂಸರು ಕಡಿಮೆ. ಉಳಿದ ಪುಸ್ತಕಗಳನ್ನು ಆಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿದರು. ಒಬ್ಬೊಬ್ಬರ ಕೈ ಒಂದೊಂದು ಥರ. ಕೆಲವರು ಪದಕ್ಕೆ ಪದ ಇಡುತ್ತಾರೆ. ಯೋಬನ ಪುಸ್ತಕದ ಅನುವಾದ ಹೀಬ್ರೂಗಿಂತ ಸುಮಾರು ಆರನೇ ಒಂದು ಪಾಲು ಚಿಕ್ಕದು.

ಇಲ್ಲಿ ಕೆಲಸ ಅಂದರೆ ಏನು ಅಂತ ನೋಡೋಣ. ದಾವೀದ ಕವಣೆ ಬೀಸಿ ಗೊಲ್ಯಾತನನ್ನು ಕೆಡವಿದ ಕಥೆ ಬೈಬಲ್ ಓದದವರಿಗೂ ಗೊತ್ತು. ಗೊಲ್ಯಾತ ಎಷ್ಟು ಎತ್ತರ ಇದ್ದ? 1 ಸಮುವೇಲ 17ನೇ ಅಧ್ಯಾಯದ 4ನೇ ವಚನ ತೆಗೆಯಿರಿ. ಗ್ರಂಥದ ಮಾತುಗಳು ಒಂದು ಪ್ರತಿಯಲ್ಲಿ ಇರುವ ರೂಪಕ್ಕೆ ಪಾಠ ಅನ್ನುತ್ತೇವೆ; ಇವತ್ತು ಎಲ್ಲರೂ ಬಳಸುವ ಹೀಬ್ರೂ ಪಾಠದ ಹೆಸರು ಮಸೊರೆಟಿಕ್ ಪಾಠ. ಅದರಲ್ಲಿ ಆರು ಮೊಳ ಒಂದು ಗೇಣು. ಸುಮಾರು ಒಂಬತ್ತೂಮುಕ್ಕಾಲು ಅಡಿ. ಕ್ರಿ.ಶ. 4ನೇ ಶತಮಾನದ ಗ್ರೀಕ್ ಹಸ್ತಪ್ರತಿಯೊಂದು ವ್ಯಾಟಿಕನ್ ಗ್ರಂಥಾಲಯದಲ್ಲಿದೆ, ಹೆಸರು ಕೋಡೆಕ್ಸ್ ವ್ಯಾಟಿಕಾನಸ್. ಅದರಲ್ಲಿ ನಾಲ್ಕು ಮೊಳ ಒಂದು ಗೇಣು. ಆರೂಮುಕ್ಕಾಲು ಅಡಿ, ಬಾಸ್ಕೆಟ್‌ಬಾಲ್ ಆಟಗಾರನಷ್ಟು.

ಗ್ರೀಕ್ ಅನುವಾದಕನಿಗೆ ಆರು ಮೊಳ ಅತಿ ಅನ್ನಿಸಿ ಎರಡು ಮೊಳ ಕಳೆದ ಅಂತ ಹೇಳಬಹುದಿತ್ತು. ಆದರೆ 1952ರಲ್ಲಿ ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ 4ನೇ ಗುಹೆ ಸಿಕ್ಕಿತು. ಅಲ್ಲಿದ್ದ ಸಮುವೇಲನ ಹೀಬ್ರೂ ಸುರುಳಿ ಚೂರುಚೂರಾಗಿತ್ತು. ಆ ಚೂರುಗಳಲ್ಲಿ ಗೊಲ್ಯಾತ ನಾಲ್ಕು ಮೊಳವೇ. 1ನೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಕೊಡುವ ಲೆಕ್ಕವೂ ನಾಲ್ಕು ಮೊಳ ಒಂದು ಗೇಣು. ಹಾಗಾದರೆ ಅನುವಾದಕ ಏನನ್ನೂ ಕಳೆದಿರಲಿಲ್ಲ. ಅವನ ಎದುರಿಗಿದ್ದ ಹೀಬ್ರೂ ಪ್ರತಿಯಲ್ಲೇ ಹಾಗಿತ್ತು ಅನ್ನುವುದಕ್ಕೆ ಈಗ ಗಟ್ಟಿ ಆಧಾರ ಇದೆ.

ಅದೇ ಅಧ್ಯಾಯದಲ್ಲಿ ಇನ್ನೂ ದೊಡ್ಡ ಗೋಜಲಿದೆ. ವ್ಯಾಟಿಕಾನಸ್‌ನಲ್ಲಿ 12ರಿಂದ 31ರ ತನಕದ ವಚನಗಳೇ ಇಲ್ಲ. ದಾವೀದ ಯುದ್ಧಭೂಮಿಯಲ್ಲಿದ್ದ ಅಣ್ಣಂದಿರಿಗೆ ಬುತ್ತಿ ತರುವುದು, ಹಿರಿಯಣ್ಣ ಅವನನ್ನು ಬೈಯುವುದು, ಇದೆಲ್ಲ ಆ ಭಾಗದಲ್ಲಿರುವ ಸಂಗತಿ. ಗೊಲ್ಯಾತ ಸತ್ತ ಮೇಲೆ ಸೌಲ ರಾಜ "ಈ ಹುಡುಗ ಯಾರ ಮಗ" ಅಂತ ವಿಚಾರಿಸುವ ಭಾಗವೂ ಅಲ್ಲಿಲ್ಲ. ಹೀಬ್ರೂ ಓದುವವರನ್ನು ಈ ಪ್ರಶ್ನೆ ಕಾಡುತ್ತಲೇ ಇರುತ್ತದೆ. ಹಿಂದಿನ ಅಧ್ಯಾಯದಲ್ಲೇ ದಾವೀದ ಸೌಲನ ಮುಂದೆ ಕಿನ್ನರಿ ನುಡಿಸುತ್ತಿದ್ದ, ಈಗ ಯಾರು ಅಂತ ಕೇಳುವುದು ಹೇಗೆ, ಅಲ್ವಾ? ಗ್ರೀಕಿನಲ್ಲಿ ಆ ತೊಡಕೇ ಇಲ್ಲ. ತೊಡಕು ಹೋಗಲಿ ಅಂತ ಯಾರಾದರೂ ಕತ್ತರಿಸಿದರೇ? ಅಥವಾ ಚಿಕ್ಕ ಕಥೆಯೇ ಹಳೆಯದಾಗಿದ್ದು, ಹೀಬ್ರೂ ಪಾಠಕ್ಕೆ ಆಮೇಲೆ ಇನ್ನೊಂದು ಕಥೆ ಸೇರಿಕೊಂಡಿತೇ? 1986ರಲ್ಲಿ ಬಾರ್ತೆಲೆಮಿ, ಗುಡಿಂಗ್, ಲುಸ್ಟ್, ಟೋವ್ ಎಂಬ ನಾಲ್ವರು ಇದೊಂದೇ ಪ್ರಶ್ನೆ ಇಟ್ಟುಕೊಂಡು ಸೇರಿ ಒಂದು ಪುಸ್ತಕ ತಂದರು. ಒಬ್ಬರು ವಾದ ಮಂಡಿಸಿದರೆ ಮಿಕ್ಕವರು ಉತ್ತರ ಬರೆದರು. ಕೊನೆಗೂ ಇಬ್ಬರು ಆ ಕಡೆ, ಇಬ್ಬರು ಈ ಕಡೆ!

ಇಷ್ಟು ಓದುವಾಗ ನಿಮ್ಮ ಕೈ ಸುಮ್ನೆ ಬೈಬಲಿನತ್ತ ಹೋಯಿತೇ? ಹೋಗಿದ್ದರೆ ಮುಂದೆ ಓದಿ. "ಇದಕ್ಕೆ ನಾಲ್ಕು ಜನ ಬೇಕಾ" ಅನ್ನಿಸಿದ್ದರೆ ಗುಂಗನ್ನು ಹವ್ಯಾಸವಾಗಿ ಉಳಿಸಿಕೊಳ್ಳಿ. ಅದೇನೂ ಕೀಳಲ್ಲ. ಯಾಕೆಂದರೆ ದಿನದ ಕೆಲಸ ಇದಕ್ಕಿಂತಲೂ ಒಣ.

ಜರ್ಮನಿಯ ಗೊಟ್ಟಿಂಗನ್ನಿನಲ್ಲಿ 1908ರಲ್ಲಿ ಸೆಪ್ಟುಅಜಿಂಟಿನ ಸಂಪಾದನೆ ಶುರುವಾಯಿತು. ಒಂದೊಂದು ಪುಸ್ತಕಕ್ಕೆ ಒಂದೊಂದು ಸಂಪುಟ. ಕೆಲಸ ಇನ್ನೂ ಮುಗಿದಿಲ್ಲ. ಅದರ ಮೊದಲ ಮುಖ್ಯಸ್ಥ ಆಲ್ಫ್ರೆಡ್ ರಾಲ್ಫ್ಸ್ 1935ರಲ್ಲಿ ತಂದ ಕೈಪಿಡಿ ಆವೃತ್ತಿಯನ್ನೇ ವಿದ್ಯಾರ್ಥಿಗಳು ಇವತ್ತಿಗೂ ಕೊಳ್ಳುತ್ತಾರೆ, ಈಗ ಅದರ ತಿದ್ದಿದ ಮುದ್ರಣ ಬಂದಿದೆ. ಗೊಟ್ಟಿಂಗನ್ ಸಂಪುಟದ ಒಂದು ಪುಟ ತೆರೆದರೆ ಮೇಲೆ ಕೆಲವೇ ಸಾಲು ಗ್ರೀಕ್. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಠಾಂತರಗಳು: ಯಾವ ಪ್ರತಿಯಲ್ಲಿ ಯಾವ ಪದ ಬಿಟ್ಟಿದೆ, ಯಾವುದರಲ್ಲಿ ಕಾಗುಣಿತ ಬೇರೆ, ಹಳೆಯ ಲ್ಯಾಟಿನ್, ಕಾಪ್ಟಿಕ್ (ಈಜಿಪ್ಟಿನ ಹಳೆಯ ಭಾಷೆ) ಅನುವಾದಗಳು ಯಾರ ಪರ. ಇನ್ನೂ ಕೆಳಗೆ ಎರಡನೇ ಪಟ್ಟಿ. ಅಕ್ವಿಲ, ಸಿಮ್ಮಾಕಸ್, ಥಿಯೊಡೋಷನ್ ಎಂಬ ಮುಂದಿನ ಅನುವಾದಕರ ಪಾಠಗಳು ಅಲ್ಲಿರುತ್ತವೆ. ಇವರನ್ನೆಲ್ಲ 3ನೇ ಶತಮಾನದಲ್ಲಿ ಓರಿಜೆನ್ ಎಂಬ ಕ್ರೈಸ್ತ ವಿದ್ವಾಂಸ ಹೀಬ್ರೂ ಮೂಲದ ಪಕ್ಕ ಆರು ಅಂಕಣಗಳಲ್ಲಿ ಜೋಡಿಸಿದ್ದ. ಆ ಮಹಾಗ್ರಂಥ ಹಾಳಾಗಿ ಅಲ್ಲೊಂದು ಇಲ್ಲೊಂದು ಚೂರು ಉಳಿದಿದೆ. ಆ ಚೂರು ಹುಡುಕುವುದೇ ಕೆಲವರ ಜೀವಮಾನದ ಕೆಲಸ.

ಈಗ ನಿಮ್ಮ ಬಂಡವಾಳದ ಮಾತು. ಲಿಪಿಕಾರನ ಕಣ್ಣು ಒಂದೇ ಥರ ಮುಗಿಯುವ ಎರಡು ಸಾಲುಗಳ ನಡುವೆ ಹಾರಿಬಿಡುವುದು, ಅಂಚಿನಲ್ಲಿ ಬರೆದ ಟಿಪ್ಪಣಿ ಮುಂದಿನ ಪ್ರತಿಯಲ್ಲಿ ಮೂಲದೊಳಗೆ ಸೇರಿಬಿಡುವುದು, ಗೊತ್ತಿಲ್ಲದ ಹಳೆಯ ಪದದ ಜಾಗದಲ್ಲಿ ಗೊತ್ತಿರುವ ಪದ ಬಂದು ಕೂರುವುದು. ಡಿ.ಎಲ್. ನರಸಿಂಹಾಚಾರ್ಯರ ದಾರಿಯಲ್ಲಿ ಗ್ರಂಥಸಂಪಾದನೆ ಕಲಿತವರಿಗೆ ಇದನ್ನೆಲ್ಲ ಹೊಸದಾಗಿ ಹೇಳಬೇಕಿಲ್ಲ. ಓಲೆಗರಿಯ ಬದಲು ಇಲ್ಲಿ ತೊಗಲು, ಪಪೈರಸ್. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರ ತನಕ ಮಾಡಿದ ಮಹಾಭಾರತದ ಸಂಪಾದನೆಯೂ ಇದೇ ಜಾತಿಯದ್ದು. ನಮ್ಮ ಹುಡುಗರು ವಿದೇಶಕ್ಕೆ ಅರ್ಜಿ ಹಾಕುವಾಗ ಕನ್ನಡ ಎಂ.ಎ. ಅನ್ನುವುದನ್ನು ಸಂಕೋಚದಿಂದ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ. ನೀವು ಮೊದಲ ಪ್ಯಾರಾದಲ್ಲೇ ಬರೆಯಿರಿ. ಹಸ್ತಪ್ರತಿ ಕೈಯಲ್ಲಿ ಹಿಡಿದು ಓದಿದ ಅರ್ಜಿದಾರರು ಅವರಿಗೂ ಕಡಿಮೆಯೇ.

ಆದರೆ ಇಲ್ಲಿ ಒಂದು ಪದರ ಜಾಸ್ತಿ ಇದೆ. ಮೊದಲು ಗ್ರೀಕ್ ಅನುವಾದಕ ಏನು ಬರೆದ ಅಂತ ತೀರ್ಮಾನಿಸಬೇಕು. ಆಮೇಲೆ ಅವನ ಎದುರಿಗೆ ಯಾವ ಹೀಬ್ರೂ ಇತ್ತು ಅಂತ ಊಹಿಸಬೇಕು. ಅದಕ್ಕೆ ಅವನ ಅಭ್ಯಾಸಗಳೆಲ್ಲ ಗೊತ್ತಿರಬೇಕು. ಸ್ವತಂತ್ರವಾಗಿ ಬರೆಯುವವನೋ, ಹೆದರಿ ಹೆದರಿ ಹೆಜ್ಜೆ ಇಡುವವನೋ? ಫಿನ್ಲೆಂಡಿನ ಹೆಲ್ಸಿಂಕಿಯವರು ಇದರಲ್ಲಿ ಪಳಗಿದವರು. ಇಲ್ಮಾರಿ ಸೊಯಿಸಲೊನ್-ಸೊಯಿನಿನೆನ್ ಶುರು ಮಾಡಿದ ಪರಂಪರೆ ಅದು. ಹೀಬ್ರೂವಿನ ಒಂದೊಂದು ವಾಕ್ಯರಚನೆಯನ್ನು ಯಾವ ಅನುವಾದಕ ಹೇಗೆ ನಿಭಾಯಿಸಿದ ಅಂತ ಪಟ್ಟಿ ಮಾಡಿ ಕೂರುತ್ತಾರೆ. ಬೇಸರದ ಕೆಲಸವೇ. ಆದರೆ ಈ ಪಟ್ಟಿಗಳಿಲ್ಲದೆ ಮೂಲ ಹೀಗಿತ್ತು ಅನ್ನುವ ಮಾತೆಲ್ಲ ಗಾಳಿಮಾತು.

ಊಹೆಯನ್ನು ಪರೀಕ್ಷಿಸುವ ಅವಕಾಶ ಒಂದೊಂದು ಸಲ ಒದಗಿಬರುತ್ತದೆ. ಬೆನ್ ಸಿರಾ ಎಂಬ ಯೆಹೂದ್ಯ ಗುರು ಹೀಬ್ರೂವಿನಲ್ಲಿ ನೀತಿಯ ಪುಸ್ತಕ ಬರೆದಿದ್ದ. ಕ್ರಿ.ಪೂ. 132ರಲ್ಲಿ ಈಜಿಪ್ಟಿಗೆ ಬಂದ ಅವನ ಮೊಮ್ಮಗ ಅದನ್ನು ಗ್ರೀಕಿಗೆ ತಂದ. ಹೀಬ್ರೂವಿನ ಮಾತಿಗೆ ಬೇರೆ ಭಾಷೆಯಲ್ಲಿ ಅದೇ ಬಲ ಬರುವುದಿಲ್ಲ, ತಪ್ಪಿದ್ದರೆ ಕ್ಷಮಿಸಿ ಅಂತ ಮುನ್ನುಡಿಯಲ್ಲಿ ಕೇಳಿಕೊಂಡಿದ್ದಾನೆ. ಕ್ಯಾಥೊಲಿಕ್ ಬೈಬಲಿನಲ್ಲಿ ಈ ಪುಸ್ತಕ ಇದೆ, ಪ್ರೊಟೆಸ್ಟೆಂಟರದ್ದರಲ್ಲಿ ಇಲ್ಲ. ಹೀಬ್ರೂ ಮೂಲ ಶತಮಾನಗಳ ಕಾಲ ಕಣ್ಮರೆಯಾಗಿತ್ತು. 1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಪೂರ್ವದೇಶಗಳಲ್ಲಿ ಕೊಂಡ ಹಳೆಯ ಹಾಳೆಗಳನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿದ್ದ ಹೀಬ್ರೂ ವಿದ್ವಾಂಸ ಸೊಲೊಮನ್ ಶೆಖ್ಟರ್ ಅದರಲ್ಲೊಂದನ್ನು ನೋಡಿ ಇದು ಬೆನ್ ಸಿರಾನ ಹೀಬ್ರೂ ಅಂತ ಗುರುತಿಸಿದರು. ಆಮೇಲೆ ಕೈರೋದ ಹಳೆಯ ಸಿನಗಾಗ್‌ನ (ಯೆಹೂದ್ಯರ ಪ್ರಾರ್ಥನಾಮಂದಿರದ) ಉಗ್ರಾಣಕ್ಕೇ ಹೋಗಿ ಹಾಳೆಗಳ ರಾಶಿಯನ್ನೇ ತಂದರು. 1964ರಲ್ಲಿ ಮಸಾಡ ಕೋಟೆಯ ಉತ್ಖನನದಲ್ಲಿ ಇನ್ನೂ ಸಾವಿರ ವರ್ಷ ಹಳೆಯ ಪ್ರತಿ ಸಿಕ್ಕಿತು. ತಾತನ ಪುಸ್ತಕವನ್ನೂ ಮೊಮ್ಮಗನ ಅನುವಾದವನ್ನೂ ಪಕ್ಕಪಕ್ಕ ಇಟ್ಟು ಓದುವ ಸುಖ ಬಹಳ ಕಡೆ ಸಿಗುವುದಿಲ್ಲ. ಆ ಸಹೋದರಿಯರಿಗೆ ಕೇಂಬ್ರಿಜ್ ಪದವಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಅಲ್ಲಿ ಆಗ ಹೆಂಗಸರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಅವರು ಭಾಷೆಗಳನ್ನು ಹಟ ಹಿಡಿದು ಕಲಿತರು.

ಭಾಷೆಗಳ ಪಟ್ಟಿ ನೋಡಿ ಹೆದರಬೇಡಿ. ಹೀಬ್ರೂ ಮತ್ತು ಗ್ರೀಕ್ ಮೊದಲು. ಆಮೇಲೆ ಹೀಬ್ರೂವಿನ ಸೋದರ ಭಾಷೆ ಅರಾಮಿಕ್, ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಭಾಗ ಆ ಭಾಷೆಯಲ್ಲೇ ಇದೆ. ಓದುವಷ್ಟು ಜರ್ಮನ್ ಮತ್ತು ಫ್ರೆಂಚ್ ಬೇಕೇ ಬೇಕು. ಸಂಸ್ಕೃತ ಬಂದವರಿಗೆ ಗ್ರೀಕ್ ಕ್ರಿಯಾಪದ ಅಷ್ಟು ಅಪರಿಚಿತ ಅನ್ನಿಸುವುದಿಲ್ಲ. ಲುಙ್ ಲಕಾರ ಎಂಬ ಭೂತಕಾಲದ ರೂಪ ಕಂಡವರಿಗೆ ಅದರ ದಾಯಾದಿ ಅಲ್ಲೂ ಕಾಣುತ್ತದೆ. ಹೀಬ್ರೂ ಬೇರೆಯೇ ಲೋಕ. 22 ಅಕ್ಷರ, ಬಲದಿಂದ ಎಡಕ್ಕೆ ಬರವಣಿಗೆ, ಮೂರು ವ್ಯಂಜನದ ಧಾತು. ಸ್ವರಚಿಹ್ನೆಗಳನ್ನು ಮಸೊರೆಟರು ಎಂಬ ಯೆಹೂದ್ಯ ಪಂಡಿತರು ಎಷ್ಟೋ ಶತಮಾನ ಆದಮೇಲೆ ಸೇರಿಸಿದರು. ಎರಡೂ ಭಾಷೆಯನ್ನು ದಿನಾ ಸ್ವಲ್ಪ ಸ್ವಲ್ಪ ಓದಬೇಕು, ವಾರಕ್ಕೊಮ್ಮೆ ಜಾಸ್ತಿ ಓದಿದರೆ ನಿಲ್ಲುವುದಿಲ್ಲ. ರೂತಳ ಪುಸ್ತಕದಿಂದ ಶುರು ಮಾಡಿ. ನಾಲ್ಕೇ ಅಧ್ಯಾಯ, ಸರಳ ಗದ್ಯ. ಹೀಬ್ರೂವಿನಲ್ಲಿ ಓದಿ ಮುಗಿಸಿದ ಮೇಲೆ ಅದನ್ನೇ ಗ್ರೀಕಿನಲ್ಲಿ ಓದಿ. ಕೋಡೆಕ್ಸ್ ಸಿನೈಟಿಕಸ್ ಎಂಬ ಇನ್ನೊಂದು ಹಳೆಯ ಗ್ರೀಕ್ ಹಸ್ತಪ್ರತಿ, ವ್ಯಾಟಿಕಾನಸ್, ಮೃತ ಸಮುದ್ರದ ಸುರುಳಿಗಳು, ಮೂರರ ಚಿತ್ರಗಳೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ವಿದ್ಯಾರ್ಥಿಯಾಗಿದ್ದಾಗ ಇವಕ್ಕೆ ಮೈಕ್ರೊಫಿಲ್ಮ್ ಯಂತ್ರದ ಮುಂದೆ ಸರದಿ ಕಾಯಬೇಕಿತ್ತು.

ಕ್ರೈಸ್ತನಲ್ಲ ಅನ್ನುವುದು ಅಡ್ಡಿಯೇ ಅಂತ ಕೇಳಿದ್ದೀರಿ. ವಿದ್ಯೆಗೆ ಅಡ್ಡಿ ಇಲ್ಲ, ಕೆಲವು ಹುದ್ದೆಗಳಿಗೆ ಖಂಡಿತ ಇದೆ. ಇದನ್ನು ಮೊದಲೇ ತಿಳಿದು ಊರು ಆರಿಸಿಕೊಳ್ಳಬೇಕು. ಜರ್ಮನಿಯಲ್ಲಿ ದೇವತಾಶಾಸ್ತ್ರದ ವಿಭಾಗಗಳು ಚರ್ಚುಗಳ ಜೊತೆ ಒಪ್ಪಂದದಲ್ಲಿ ನಡೆಯುತ್ತವೆ. ಅಲ್ಲಿ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಆ ಚರ್ಚಿನ ಸದಸ್ಯತ್ವ ಬೇಕು, ಎಷ್ಟೋ ಕಡೆ ಆ ವಿಭಾಗದ ಡಾಕ್ಟರೇಟಿಗೂ ಬೇಕು. ಅಮೆರಿಕದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಅನೇಕ ಸೆಮಿನರಿಗಳು ನಂಬಿಕೆಯ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಎಡಿನ್‌ಬರೊ, ಹೆಲ್ಸಿಂಕಿ, ಲೈಡನ್, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ಇಂಥ ಕಡೆ ನಿಮ್ಮ ಧರ್ಮ ಯಾವುದು ಅಂತ ಯಾರೂ ಕೇಳುವುದಿಲ್ಲ. ಈ ಕ್ಷೇತ್ರದಲ್ಲಿ ಯೆಹೂದ್ಯರು, ಕ್ರೈಸ್ತರು, ಯಾವುದನ್ನೂ ನಂಬದವರು ಒಂದೇ ಮೇಜಿಗೆ ಕೂತು ಜಗಳ ಆಡುತ್ತಾರೆ. ಜಗಳ ಆಡುವುದು ಪಾಠಾಂತರದ ಬಗ್ಗೆ.

ಏಷ್ಯಾದಿಂದ ಹೋಗಿ ಗೆದ್ದವರಿದ್ದಾರೆಯೇ ಅಂದರೆ ತಕಮಿತ್ಸು ಮುರವೋಕರ ಹೆಸರು ಹೇಳುತ್ತೇನೆ. 1938ರಲ್ಲಿ ಹಿರೋಷಿಮದಲ್ಲಿ ಹುಟ್ಟಿದವರು. ಟೋಕಿಯೊದಲ್ಲಿ ಓದಿ, ಜೆರುಸಲೇಮಿನಲ್ಲಿ ಡಾಕ್ಟರೇಟ್ ಮಾಡಿ, ಮ್ಯಾಂಚೆಸ್ಟರ್, ಮೆಲ್ಬರ್ನ್, ಲೈಡನ್‌ಗಳಲ್ಲಿ ಪಾಠ ಹೇಳಿದರು. ಬೈಬಲ್ ಹೀಬ್ರೂವಿನ ದೊಡ್ಡ ವ್ಯಾಕರಣಗಳಲ್ಲೊಂದರ ಮೇಲೆ ಅವರ ಹೆಸರಿದೆ. ಸೆಪ್ಟುಅಜಿಂಟಿನ ಗ್ರೀಕ್ ನಿಘಂಟನ್ನು ಒಬ್ಬರೇ ಕೂತು ಮುಗಿಸಿದರು, ಪೂರ್ತಿ ರೂಪದಲ್ಲಿ 2009ರಲ್ಲಿ ಬಂತು. ನಿವೃತ್ತಿಯಾದ ಮೇಲೆ ಜಪಾನಿನ ಸೇನೆಯಿಂದ ನೊಂದ ಏಷ್ಯಾದ ದೇಶಗಳಿಗೆ ಹೋಗಿ ಸಂಬಳ ಇಲ್ಲದೆ ಹೀಬ್ರೂ, ಗ್ರೀಕ್ ಕಲಿಸಿದರು. ಅವರು ಹೀಬ್ರೂ, ಗ್ರೀಕ್ ಎರಡನ್ನೂ ಸಮನಾಗಿ ಹಿಡಿದಿದ್ದರು ಅನ್ನುವುದನ್ನು ಗಮನಿಸಿ. ನಾನು ಮೇಲೆ ಹೇಳಿದ್ದೂ ಅದೇ.

ನಮ್ಮಲ್ಲಿ ಕಲಿಯುವ ಜಾಗಗಳಿವೆ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ಇದೆ. ಮಂಗಳೂರಿನಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದೆ. ಎರಡೂ ದೇವತಾಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟಿಗೆ ಸೇರಿದವು. ಇಂಥ ಕಾಲೇಜುಗಳಿಗೆ ವಿದ್ಯಾರ್ಥಿಗಳನ್ನು ಹೆಚ್ಚಾಗಿ ಚರ್ಚುಗಳೇ ಕಳಿಸುತ್ತವೆ. ಅಲ್ಲಿನ ಅಧ್ಯಾಪಕರೂ ಹೆಚ್ಚಾಗಿ ಪಾದ್ರಿಗಳು. ನೀವು ಅಲ್ಲಿಗೆ ಹೋಗಿ ಹೀಬ್ರೂ ಮೇಷ್ಟ್ರನ್ನು ಭೇಟಿಯಾಗಿ, ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಬಹುದೇ ಅಂತ ವಿನಯದಿಂದ ಕೇಳಿ. ಆದರೆ ಭಾರತದಲ್ಲಿ ಈ ವಿಷಯದ ಮೇಷ್ಟ್ರಾಗುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಕ್ರೈಸ್ತರಲ್ಲದವರಿಗೆ ಇಲ್ಲಿ ಬಾಗಿಲು ಬಹಳ ಕಿರಿದು.

ಆದರೆ ಇಲ್ಲಿಯದ್ದೇ ಒಂದು ವಿಷಯ ನಿಮಗಾಗಿ ಕಾದಿದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿದ್ದರು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನ ವೈಗ್ಲೆಯಂಥವರು ಅದರ ಪರಿಷ್ಕರಣೆಗೆ ಕೂತರು. ಹೀಬ್ರೂ ವಾಕ್ಯವನ್ನು ಕನ್ನಡ ವಾಕ್ಯವಾಗಿಸಲು ಅವರು ಏನೇನು ಮಾಡಿದರು? ಹೆಲ್ಸಿಂಕಿಯವರು ಅಲೆಕ್ಸಾಂಡ್ರಿಯದ ಅನುವಾದಕರಿಗೆ ಕೇಳುವ ಪ್ರಶ್ನೆಯನ್ನೇ ಇವರಿಗೂ ಕೇಳಬಹುದು. ಹೀಬ್ರೂ, ಗ್ರೀಕ್, ಹಳೆಯ ಕನ್ನಡ ಗದ್ಯ ಮೂರೂ ಬರುವವರು ಎಷ್ಟು ಜನ ಇದ್ದಾರು ಹೇಳಿ? ಪಿಎಚ್.ಡಿ.ಗೆ ಇದು ಬೇಡ. ಮೊದಲ ಪುಸ್ತಕ ಶುದ್ಧವಾಗಿ ಹೀಬ್ರೂ-ಗ್ರೀಕ್ ಮೇಲೆ, ಒಂದೇ ಒಂದು ಬೈಬಲ್ ಪುಸ್ತಕದ ಮೇಲೆ ಇರಲಿ. ಇದು ಎರಡನೆಯದಕ್ಕೆ. ಬೈಬಲ್ ಅನುವಾದ ನಡೆಸುವ ಸಂಸ್ಥೆಗಳಿಗೆ ಮೂಲಭಾಷೆ ಬಲ್ಲ ಸಲಹೆಗಾರರು ಬೇಕು. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಆದರೆ ಅಂಥ ಕಡೆಯೂ ಚರ್ಚಿನ ನಂಟು ಕೇಳುವುದು ಸಹಜ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಹಟ. ಈ ಪಿಎಚ್.ಡಿ.ಗೆ ಸ್ವಂತ ದುಡ್ಡು, ಬ್ಯಾಂಕ್ ಸಾಲ, ಅಪ್ಪನ ತೋಟ, ಯಾವುದನ್ನೂ ಹಾಕಬೇಡಿ. ಪೂರ್ತಿ ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ, ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಆಕ್ಸ್‌ಫರ್ಡಿನ ಕ್ಲಾರೆಂಡನ್, ಕೇಂಬ್ರಿಜಿನ ಗೇಟ್ಸ್, ಜರ್ಮನಿಯ ಡಾಡ್ (DAAD), ಈ ವಿದ್ಯಾರ್ಥಿವೇತನಗಳನ್ನು ಪ್ರಯತ್ನಿಸಬಹುದು. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಶುಲ್ಕ ಮಾಫಿ ಮಾಡಿ ಖರ್ಚಿಗೂ ಕೊಡುತ್ತವೆ. ಆದರೆ ಅಲ್ಲಿ ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಬ್ರಿಟನ್ನಿನಲ್ಲಿ ಮೂರು-ನಾಲ್ಕು ವರ್ಷ, ಆದರೆ ಭಾಷೆ ಮೊದಲೇ ಬಂದಿರಬೇಕು. ಆದ್ದರಿಂದ ನಿಮಗೆ ನಡುವೆ ಒಂದು ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಪಿಎಚ್.ಡಿ. ಆದಮೇಲೂ ಒಂದೆರಡು ವರ್ಷದ ತಾತ್ಕಾಲಿಕ ಹುದ್ದೆಗಳು, ಒಂದಾದ ಮೇಲೊಂದು, ಬೇರೆ ಬೇರೆ ದೇಶಗಳಲ್ಲಿ. ಕಾಯಂ ಕೆಲಸ ಸಿಗುವ ಹೊತ್ತಿಗೆ ನಲವತ್ತರ ಹತ್ತಿರ ಇರಬಹುದು. ಸಿಗದೆಯೂ ಇರಬಹುದು. ಚೆನ್ನಾಗಿ ಓದಿದವರೇ ಗ್ರಂಥಾಲಯ, ಪ್ರಕಾಶನ, ಸಾಫ್ಟ್‌ವೇರ್ ಅಂತ ಹೋದದ್ದನ್ನು ನೋಡಿದ್ದೇನೆ.

ಮನೆಯವರಿಗೆ ಇದನ್ನೆಲ್ಲ ಮುಚ್ಚಿಡದೆ ಹೇಳಿ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಜೊತೆಗೆ ಕನ್ನಡದಲ್ಲಿ ನೆಟ್ ಅಥವಾ ಕೆ-ಸೆಟ್ ಬರೆದು ಪಾಸು ಮಾಡಿಟ್ಟುಕೊಳ್ಳಿ. ಕನ್ನಡ ಉಪನ್ಯಾಸಕನ ದಾರಿ ತೆರೆದೇ ಇರಲಿ. ಓದು, ಪಾಠ ಅಂತ ನಡೆಯುವ ಆ ಒಂದೆರಡು ವರ್ಷದಲ್ಲೇ ಬೆಳಗ್ಗೆ ಒಂದು ಗಂಟೆ ಹೀಬ್ರೂ, ರಾತ್ರಿ ಒಂದು ಗಂಟೆ ಗ್ರೀಕ್. ರೂತ್ ಮುಗಿದು, ಯೋನ ಮುಗಿದು, 1 ಸಮುವೇಲ 17ನ್ನು ಎರಡೂ ಭಾಷೆಯಲ್ಲಿ ನಿಘಂಟು ಇಟ್ಟುಕೊಂಡು ಓದುವ ಹಂತ ಬಂದಾಗ ಮಾತ್ರ ಮಾರ್ಗದರ್ಶಕರಿಗೆ ಪತ್ರ ಬರೆಯಿರಿ. ಪತ್ರ ಒಂದು ಪುಟ ಮೀರದಿರಲಿ. "ನನಗೆ ಬಾಲ್ಯದಿಂದಲೂ ಆಸಕ್ತಿ" ಅನ್ನುವುದನ್ನೆಲ್ಲ ಬಿಡಿ. ಯಾವ ವಚನದಲ್ಲಿ ನಿಮಗೆ ಯಾವ ತೊಡಕು ಕಂಡಿತು, ಅವರ ಯಾವ ಲೇಖನ ಓದಿದ್ದೀರಿ, ಅದರಲ್ಲಿ ಯಾವುದು ಒಪ್ಪಿಗೆಯಾಗಲಿಲ್ಲ ಅಂತ ಬರೆಯಿರಿ. ಅಮೆರಿಕದ ಅರ್ಜಿಗಳು ಹೆಚ್ಚಾಗಿ ಡಿಸೆಂಬರ್-ಜನವರಿಗೆ ಮುಗಿಯುತ್ತವೆ. ಪತ್ರ ಸೆಪ್ಟೆಂಬರ್ ಒಳಗೆ ಹೋದರೆ ಉತ್ತರ ಬರಲು ಸಮಯ ಇರುತ್ತದೆ.